ಹೆಸರಷ್ಟೇ ಬದಲು

ನಮ್ಮ ಕಾಕಾ ಇಡೀ ಜೀವಮಾನದಲ್ಲಿ ಬರೆದದ್ದು ಒಂದೇ ಒಂದು ಲಗ್ನಪತ್ರಿಕೆ. ಅದರ ಬಲದ ಮೇಲೆ ಮಿರಜಿನ ಕನ್ನಡ ಮನೆತನಗಳಲ್ಲಿ ಅರ್ಧದಷ್ಟು ಮಂದಿ ಸಂಸಾರಸ್ಥರಾದರು!

ಬುರುಡೆ ಬಿಡುತ್ತಿದ್ದೇನೆ ಅನ್ನುವಿರಾ? ನಿಮ್ಮದು ಮಿರಜಿನ ಕನ್ನಡ ಮನೆಯಾಗಿದ್ದರೆ ಹಳೆಯ ಟ್ರಂಕು ತೆಗೆದು ನಿಮ್ಮ ಅಪ್ಪ ಅವ್ವನ ಲಗ್ನಪತ್ರಿಕೆ ನೋಡಿ. ಪಕ್ಕದ ಮನೆಯವರದನ್ನೂ ತಂದು ಜೋಡಿಸಿ ನೋಡಿ. ಗಣಪತಿ ಅದೇ, ವಿಜ್ಞಾಪನೆ ಅದೇ, "ತಾವು ಸಕುಟುಂಬ ಬಂದು" ಅನ್ನುವ ಸಾಲಿನಲ್ಲಿ ಕಾಲು ಮುರಿದ "ಕು" ಕೂಡ ಅದೇ. ಕಾಕಾ ಅದನ್ನು ಬರೆದದ್ದು ತಮ್ಮ ಸ್ವಂತ ಮದುವೆಗೆ. ಸ್ಟೇಷನ್ ರಸ್ತೆಯಲ್ಲಿ ಅವರದೊಂದು ಸಣ್ಣ ಛಾಪಖಾನೆ. ಸೀಸದ ಮೊಳೆಗಳನ್ನು ಒಂದೊಂದಾಗಿ ಆರಿಸಿ ಜೋಡಿಸಿ ಆ ಪತ್ರಿಕೆಯನ್ನು ಛಾಪಿಸಿದರು. ಛಾಪಿಸಿದ ಮೇಲೆ ಮೊಳೆಗಳನ್ನು ಬಿಚ್ಚಿ ಅವುಗಳ ಮನೆಗೆ ಹಾಕುವುದು ಪದ್ಧತಿ. ಕಾಕಾ ಬಿಚ್ಚಲಿಲ್ಲ. ಜೋಡಿಸಿದ್ದನ್ನು ದಾರದಿಂದ ಬಿಗಿದು ಕಟ್ಟಿ, ತಗಡಿನ ತಟ್ಟೆಯಲ್ಲಿಟ್ಟು, ಮಂಚದ ಕೆಳಗೆ ನೂಕಿದರು. ಮುಂದಿನ ಗಿರಾಕಿ ಬಂದಾಗ ಹೊರಗೆಳೆದರು.

"ಬಾಕಿ ಎಲ್ಲಾ ಅದ. ಹೆಸರಷ್ಟ ಬದಲು," ಅಂದರು.

ಇದೇ ಅವರ ವೇದ, ಇದೇ ಅವರ ಗಾದೆ. ಒಮ್ಮೆ ಮಾತ್ರ ಬುಧಗಾಂವದ ಬೀಗರ ಪತ್ರಿಕೆಯಲ್ಲಿ ಹಿಂದಿನ ಮದುವೆಯ ಸೋದರಮಾವಂದಿರ ಹೆಸರು ಬದಲಾಗದೆ ಉಳಿದುಬಿಟ್ಟವು. ಅಚ್ಚಾದ ಹೆಸರು ನೋಡಿ ಆ ಮಾವಂದಿರು ಟೋಪಿ ಹಾಕಿಕೊಂಡು ಮದುವೆಗೆ ಬಂದೇಬಿಟ್ಟರು! ಉಂಡರು, ಉಡುಗೊರೆಯ ಆಹೇರಿ ಮಾಡಿದರು, ಹೋದರು. ಯಾರಿಗೂ ನಷ್ಟವಾಗಲಿಲ್ಲ. ವಧುವಿಗೆ ಇಬ್ಬರು ಮಾವಂದಿರು ಹೆಚ್ಚಾದರು, ಅಷ್ಟೇ.

ನಾನು ಏಳನೇ ಇಯತ್ತೆ ಅರ್ಧಕ್ಕೆ ಬಿಟ್ಟು ಈ ಛಾಪಖಾನೆ ಸೇರಿದವನು. ಪಾಸೂ ಅಲ್ಲ, ನಪಾಸೂ ಅಲ್ಲ, ಪರೀಕ್ಷೆಗೇ ಕೂತಿಲ್ಲ. ಅದನ್ನು ಹೇಳಲು ನನಗೆ ಇಂದಿಗೂ ನಾಚಿಕೆಯಿಲ್ಲ. ಓದಿದವರು ಸೀದಾ ಅಕ್ಷರ ಓದುತ್ತಾರೆ. ಮೊಳೆಯ ಮೇಲಿನ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತದೆ. ನಾನು ಅದನ್ನು ಓದುತ್ತೇನೆ, ಕನ್ನಡವನ್ನೂ ಮರಾಠಿಯನ್ನೂ. ಯಾವ ಕಾಲೇಜಿನಲ್ಲಿ ಇದನ್ನು ಕಲಿಸುತ್ತಾರೆ, ಹೇಳಿ ನೋಡೋಣ!

ಕಾಕಾನ ಮಿತವ್ಯಯ ಛಾಪಖಾನೆಯ ಹೊಸ್ತಿಲಲ್ಲಿ ನಿಲ್ಲುತ್ತಿರಲಿಲ್ಲ. ಅವರ ಅಂಗಿ ಹರಿದರೆ ಕೈಚೀಲ, ಕೈಚೀಲ ಹರಿದರೆ ಯಂತ್ರ ಒರೆಸುವ ಅರಿವೆ. ಕಾಗದದ ಹಿಂಬದಿಯಂತೂ ಅವರ ಪಾಲಿಗೆ ದೇವರು ಕೊಟ್ಟ ಇನಾಮು ಜಮೀನು. ಕೆಟ್ಟ ಲಗ್ನಪತ್ರಿಕೆ, ಕರೆಂಟ್ ಬಿಲ್ಲು, ದೇವಸ್ಥಾನದ ಪಾವತಿ, ಯಾವುದರ ಹಿಂಬದಿಯನ್ನೂ ಖಾಲಿ ಬಿಟ್ಟವರಲ್ಲ. ಸಂಬಂಧಿಕರಿಗೆಲ್ಲ ಒಂದೇ ಪತ್ರ ಬರೆಯುತ್ತಿದ್ದರು. ಅದರಲ್ಲಿ "ನಿಮ್ಮ ಮೊಣಕಾಲು ನೋವು ಹೇಗಿದೆ?" ಅನ್ನುವ ಸಾಲು ಮೊಣಕಾಲು ಗಟ್ಟಿ ಇದ್ದವರಿಗೂ ಹೋಗುತ್ತಿತ್ತು.

"ಎಲ್ಲಾ ಹಳೇದರ ಮ್ಯಾಲ ನಡಸ್ತೀರಿ. ನನ್ನನ್ನರ ಹೊಸಾಕಿ ಅಂತ ಮಾಡ್ಕೊಂಡು ಬಂದ್ರ್ಯೋ ಹೆಂಗ?" ಎಂದು ಅವರ ಹೆಂಡತಿ, ನಮ್ಮ ಕಾಕು, ಖಾರದ ಚುರುಮುರಿಯ ಭಡಂಗದ ಡಬ್ಬಿ ಮುಂದಿಡುತ್ತ ಕೇಳುತ್ತಿದ್ದಳು.

"ಏಯ್, ಇಲ್ನೋಡು," ಎನ್ನುತ್ತಿದ್ದರು ಕಾಕಾ. ಅಷ್ಟೇ. ಅವರು ಹೆಂಡತಿಯನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಯೇ ಇರಲಿಲ್ಲ. ನಮ್ಮ ಕಡೆ ಹಿಂದಿನವರಲ್ಲಿ ಗಂಡಸರೂ ಹಾಗೆ ಕರೆಯುತ್ತಿರಲಿಲ್ಲ. "ಏಯ್", "ಇಲ್ನೋಡು", "ಕೇಳಿತೇನ", ಈ ಮೂರರಲ್ಲೇ ಮೂವತ್ತು ವರ್ಷದ ಸಂಸಾರ ಸಾಗುತ್ತಿತ್ತು.

ಅಷ್ಟರಲ್ಲಿ ಕಾಲ ತಿರುಗಿತು. ದೇಶದ ಬಾಗಿಲು ತೆರೆಯಿತಂತೆ, ಪರದೇಶದ ಮಾಲು ಬಂತಂತೆ. ನಮಗೆ ಕಂಡದ್ದಿಷ್ಟು: ಸಾಂಗಲಿ ಮಿರಜಿನ ನಡುವೆ ಹೊಲ ಇದ್ದಲ್ಲಿ ಮಾಳಿಗೆ ಎದ್ದವು, ವಿಶ್ರಾಮಬಾಗದಲ್ಲಿ ಹೆಜ್ಜೆಗೊಂದು ಕಂಪ್ಯೂಟರ್ ಕ್ಲಾಸು ಹುಟ್ಟಿತು, ಬಣ್ಣಬಣ್ಣದ ಪತ್ರಿಕೆ ಛಾಪಿಸುವ ಆಫ್‌ಸೆಟ್ ಯಂತ್ರ ಬಂತು. ನಮ್ಮ ಕಾಲು ಮುರಿದ "ಕು" ಯಾರಿಗೆ ಬೇಕು? ಗಿರಾಕಿ ಬರುವುದೇ ನಿಂತಿತು.

ಕಾಕಾ ಏನು ಮಾಡಿದರು ಗೊತ್ತೇ? ಛಾಪಖಾನೆಯ ಮೊಳೆಯನ್ನೆಲ್ಲ ಗುಜರಿಯವನ ತಕ್ಕಡಿಗೆ ಸುರಿದು ಒಂದು ಕಂಪ್ಯೂಟರ್ ತಂದರು! ತಾವು ಜೋಡಿಸಿದ ಆ ಒಂದು ಲಗ್ನಪತ್ರಿಕೆಯ ತಟ್ಟೆ ಮಾತ್ರ ಮಂಚದ ಕೆಳಗೆ ಉಳಿಯಿತು. ನನ್ನ ಕೈಯಾರೆ ತೊಳೆದಿಟ್ಟ ಮೊಳೆಗಳು ಗೋಣಿಚೀಲದಲ್ಲಿ ಹೋಗುವಾಗ ನಾನು ಗೋಡೆಯ ಕಡೆ ಮುಖ ಮಾಡಿ ನಿಂತೆ. ಹಿಂದಕ್ಕೆ ಹೋಗುವ ದಾರಿ ಮುಚ್ಚಿತ್ತು. ಈ ಪೆಟ್ಟಿಗೆ ಅನ್ನ ಹಾಕದಿದ್ದರೆ ಕಾಕಾನ ಮನೆಯ ಒಲೆಯೂ ಇಲ್ಲ, ನನ್ನದೂ ಇಲ್ಲ.

ಐವತ್ತು ದಾಟಿದ ಮನುಷ್ಯ ವಿಶ್ರಾಮಬಾಗದ ಕ್ಲಾಸಿಗೆ ಹೋಗಿ ಕಾಲೇಜು ಹುಡುಗಿಯರ ನಡುವೆ ಕುಳಿತು ಪ್ರೋಗ್ರಾಮು ಬರೆಯಲು ಕಲಿತರು. ಎರಡನೇ ವಾರಕ್ಕೇ ಮಾಸ್ತರನೊಂದಿಗೆ ಜಗಳ. ಮಾಸ್ತರ ಹೊಸ ಲೆಕ್ಕ ಕೊಟ್ಟರೆ ಕಾಕಾ ನಿನ್ನೆಯ ಪ್ರೋಗ್ರಾಮನ್ನೇ ತೆಗೆದು ಎರಡು ಸಾಲು ತಿದ್ದಿ ಕೊಟ್ಟರು.

"ಕಾಕಾ, ಇದು ಕಾಪಿ. ಪೂರ್ತಿ ಹೊಸದಾಗಿ ಬರೀರಿ," ಎಂದ ಮಾಸ್ತರ.

"ನಿನ್ನಿ ಬರದದ್ದು ಸರಿ ಇತ್ತೋ ಇಲ್ಲೋ?"

"ಸರಿ ಇತ್ತು."

"ಸರಿ ಇದ್ದದ್ದನ್ನ ಮತ್ತೊಮ್ಮಿ ಬರಿಯೂದು ಅಂದ್ರ ತಪ್ಪು ಮಾಡಾಕ ಹೊಸಾ ಅವಕಾಶ ಹುಡಕಿದಂಗ!"

ಮಾಸ್ತರ ಪಾಪ, ಇಪ್ಪತ್ತೆರಡರ ಹುಡುಗ. ಸರ್ಟಿಫಿಕೇಟು ಮುಂಚೆಯೇ ಕೊಟ್ಟು ಕಳಿಸಿಬಿಟ್ಟ.

ಮೊದಲ ಕೆಲಸ ಸಿಕ್ಕಿದ್ದು ಸಾಂಗಲಿ ಪೇಟೆಯ ಒಬ್ಬ ಅರಿಶಿಣದ ದಲಾಲರಿಂದ. ಯಾವ ರೈತನ ಎಷ್ಟು ಚೀಲ ಬಂತು, ತೂಕವೆಷ್ಟು, ಚೀಟಿ ಛಾಪಿಸಬೇಕು. ಚೀಲದ ತೂಕಕ್ಕೆ ಅಲ್ಲಿ ಬಾರದಾನ ಅನ್ನುತ್ತಾರೆ. ಪ್ರತಿ ತೂಕದಲ್ಲಿ ಒಂದು ಕಿಲೋ ಬಾರದಾನ ವಜಾ. ಈ ಪ್ರೋಗ್ರಾಮು ಬರೆಯಲು ಕಾಕಾ ತೆಗೆದುಕೊಂಡದ್ದು ಆರು ತಿಂಗಳು. ಮೂವತ್ತು ಸಲ ತಪ್ಪಿತು. ಮೂವತ್ತು ಸಲ ದಲಾಲರು ಗಾದಿಯ ಮೇಲಿಂದಲೇ ಬೈದರು. ಲಗ್ನಪತ್ರಿಕೆಗಳ ಹಿಂಬದಿಯಲ್ಲಿ ಕಾಕಾ ಸಾಲುಗಳನ್ನು ಬರೆಯುವರು. ತಪ್ಪು ಹುಡುಕುವ ಕೆಲಸ ನನ್ನದು. ಇಂಗ್ಲಿಷ್ ನನಗೆ ಬಾರದು, ನಿಜ. ಆದರೆ ನಿನ್ನೆಯ ಸಾಲಿಗೂ ಇಂದಿನ ಸಾಲಿಗೂ ಒಂದು ಚುಕ್ಕೆ ವ್ಯತ್ಯಾಸವಿದ್ದರೆ ಮೊಳೆ ಜೋಡಿಸುವ ಕಂಪೋಸಿಟರನ ಕಣ್ಣಿಗೆ ಬೀಳದೆ ಇರುತ್ತದೆಯೇ?

ಆರು ತಿಂಗಳು! ನಾನು ಹಣೆ ಹಣೆ ಬಡಿದುಕೊಂಡೆ. ಕಾಕಾ ಮಾತ್ರ ಮೀಸೆಯಲ್ಲೇ ನಕ್ಕರು. "ಲೇ ತಮ್ಮಾ, ಲಗ್ನಪತ್ರಿಕಿ ಜೋಡಿಸಿ ಆತು. ಇನ್ನ ಹೆಸರಷ್ಟ ಬದಲು!"

ನಿಜಕ್ಕೂ ಹಾಗೇ ಆಯಿತು. ಎರಡನೆಯ ಗಿರಾಕಿ ಮ್ಹೈಸಾಳದ ಹಾಲಿನ ಡೇರಿ. ಮೂರೇ ವಾರ! ಚೀಲದ ಬದಲು ಕ್ಯಾನು, ರೈತ ಅವನೇ. ಮೊದಲ ದಿನ ಒಂದು ಸಣ್ಣ ಎಡವಟ್ಟಾಯಿತು. ಅರಿಶಿಣದಲ್ಲಿ ಮಾಲು ಹಸಿಯೋ ಒಣಗಿದ್ದೋ ಬರೆಯುವ ಜಾಗ ಇರುತ್ತದಲ್ಲ, ಅದು ಹಾಗೇ ಉಳಿದಿತ್ತು. ಊರಿನ ಅಷ್ಟೂ ಎಮ್ಮೆಗಳ ಚೀಟಿಯಲ್ಲಿ "ಮಾಲು: ಒಣಗಿದ್ದು" ಎಂದು ಬಂತು.

"ಒಣಾ ಹಾಲು ಕೊಡೂ ಎಮ್ಮಿ ಯಾರ ಮನ್ಯಾಗ ಐತ್ರೆಪಾ?" ಎಂದು ಡೇರಿಯ ಮುದುಕರು ಬಸ್ ಸ್ಟ್ಯಾಂಡಿನವರೆಗೂ ನನ್ನನ್ನು ಅಟ್ಟಿಸಿಕೊಂಡು ಬಂದು ನಕ್ಕರು.

ನಗಲಿ! ಸ್ಟೇಷನ್ನಿನ ಲಾಜಿಗೆ ಎರಡು ವಾರ ಸಾಕಾಯಿತು. ಸಿತಾರ ಮಾಡುವವರ ಅಂಗಡಿಗೆ ಹತ್ತು ದಿನ. ಎಲ್ಲ ಕಡೆಯೂ ಒತ್ತುವ ಗುಂಡಿ ಅವೇ, ಪರದೆ ಅದೇ. ಅರಿಶಿಣದ ಗುಮಾಸ್ತ ನೌಕರಿ ಬಿಟ್ಟು ಲಾಜಿಗೆ ಸೇರಿದರೆ ಅವನಿಗೆ ಕಲಿಸುವ ತಾಪತ್ರಯವೇ ಇಲ್ಲ. ಒಂದು ಕಡೆ ತಪ್ಪು ಸಿಕ್ಕಿದರೆ ಎಲ್ಲ ಕಡೆಗೂ ತಿದ್ದುಪಡಿ. ಅದನ್ನು ಫ್ಲಾಪಿಯಲ್ಲಿ ತುಂಬಿಕೊಂಡು, ಆ ಫ್ಲಾಪಿಯನ್ನು ಕೈಚೀಲವಾಗಿದ್ದ ಅಂಗಿಯಲ್ಲಿಟ್ಟುಕೊಂಡು ನಾನು ಬಸ್ಸು ಹತ್ತಿ ಊರೂರು ತಿರುಗಿದೆ. ಸಾಂಗಲಿಯಲ್ಲಿ ಸಿಕ್ಕ ತಪ್ಪು ಸಂಜೆಯೊಳಗೆ ಮ್ಹೈಸಾಳದಲ್ಲೂ ಸತ್ತಿರುತ್ತಿತ್ತು. ಇಂದು ದೊಡ್ಡ ದೊಡ್ಡ ಕಂಪನಿಯವರು ಇದಕ್ಕೇ ಏನೇನೋ ಹೆಸರಿಟ್ಟು ಗೋಡೆಯ ಮೇಲೆ ಚಿತ್ರ ಬಿಟ್ಟು ಭಾಷಣ ಮಾಡುತ್ತಾರಂತೆ. ಮಾಡಲಿ. ನಾವು ಮಂಚದ ಕೆಳಗೆ ಇಟ್ಟಿದ್ದೆವು.

ಕಾಕಾನ ಇನ್ನೊಂದು ಹಟದ ಬಗ್ಗೆ ಇಲ್ಲೇ ಹೇಳಿಬಿಡಬೇಕು. ಛಾಪಖಾನೆಯಲ್ಲಿ ಮೊದಲ ಪ್ರತಿ ತೆಗೆದು ಪ್ರೂಫು ನೋಡುತ್ತೇವಲ್ಲ, ಹಾಗೆ ಪ್ರತಿಯೊಂದು ಪ್ರೋಗ್ರಾಮಿನಲ್ಲೂ ಮೊದಲು ಒಂದು ಹೆಸರು ತುಂಬಿ, ಚೀಟಿ ಸರಿಯಾಗಿ ಬರುತ್ತದೆಯೇ ಎಂದು ನೋಡುವುದು ಅವರ ಪದ್ಧತಿ. ಆ ಒಂದನೇ ನಂಬರಿನ ಹೆಸರು ಎಲ್ಲ ಕಡೆಯೂ ಕಾಕುವಿನದು! ಬಾಯಲ್ಲಿ ಒಮ್ಮೆಯೂ ಬಾರದ ಹೆಸರನ್ನು ಬೆರಳಲ್ಲಿ ಮಾತ್ರ ಧಾರಾಳವಾಗಿ ಹೊಡೆದರು. ಅರಿಶಿಣ ಪೇಟೆಯ ಒಂದನೇ ರೈತಳು ಕಾಕು, ಚೀಲ ಒಂದು. ಡೇರಿಯ ಒಂದನೇ ಸದಸ್ಯಳು ಕಾಕು, ಎಮ್ಮೆ ಒಂದು. ಹೀಗಿರುವಾಗ ಲಾಜಿನ ಸುದ್ದಿ ಅವಳ ಕಿವಿಗೆ ಬಿತ್ತು.

"ಅಲ್ರಿ, ಸ್ಟೇಷನ್ ಲಾಜಿನ್ಯಾಗ ನನ್ನ ಹೆಸರು ಬರದೀರಂತ! ಮಂದಿ ಓದಿದ್ರ ಏನಂದಾರು?"

"ಏಯ್, ಬಾಡಗಿ ತುಂಬಿ ಮರ್ಯಾದಿಲೆ ಖೋಲಿ ಖಾಲಿ ಮಾಡ್ಯಾಳ ಅಂತಾನೂ ಬರದೇನಿ. ಚಿಂತಿ ಯಾಕ?"

"ನಾ ಎಮ್ಮಿ ಯಾವಾಗ ಸಾಕಿದ್ದೆ?"

"ಮದವಿ ಆದಾಗಿಂದ ಒಂದನ್ನ ಸಾಕೀದೆಲ್ಲ!" ಎಂದು ಕಾಕಾ ತಮ್ಮ ಎದೆಯನ್ನೇ ತಟ್ಟಿಕೊಂಡರು. ಕಾಕು ಭಡಂಗದ ಡಬ್ಬಿಯನ್ನು ಹಿಂದಕ್ಕೆ ಎಳೆದುಕೊಂಡಳು.

ಇನ್ನು ದೊಡ್ಡ ಯುದ್ಧ. ಮಿರಜು ಅಂದರೆ ದವಾಖಾನೆಗಳ ಊರು, ಹೇಳಬೇಕಾಗಿಲ್ಲ. ಅವುಗಳಲ್ಲಿ ಒಂದು ದೊಡ್ಡ ದವಾಖಾನೆಗೆ ಕಂಪ್ಯೂಟರ್ ತರುವ ವಿಚಾರ ಎದ್ದಿತು. ಕೆಲಸ ಸಿಕ್ಕಿದರೆ ವರ್ಷಗಟ್ಟಲೆ ಅನ್ನ. ಸಿಗದಿದ್ದರೆ? ಅಷ್ಟರಲ್ಲಿ ಪುಣೆಯ ಕಂಪನಿಗಳು ಸಾಂಗಲಿಗೂ ಬಂದು ಅಂಗಡಿಗಳನ್ನು ಒಂದೊಂದಾಗಿ ಎಳೆದುಕೊಳ್ಳತೊಡಗಿದ್ದವು. ಈ ಒಂದು ಕೆಲಸ ಕೈ ತಪ್ಪಿದರೆ ನಮ್ಮ ಬಾಗಿಲು ಮುಚ್ಚಿದಂತೆಯೇ ಎಂದು ಕಾಕಾನಿಗೂ ಗೊತ್ತು, ನನಗೂ ಗೊತ್ತು. ಬೇಕಾದರೂ ಮರಳಿ ಹೋಗಲು ಮೊಳೆಗಳು ಎಲ್ಲಿವೆ?

ದವಾಖಾನೆಯವರು ಒಂದು ತಿಂಗಳು ಪರೀಕ್ಷೆಗೆಂದು ಹೆರಿಗೆ ವಿಭಾಗವನ್ನು ನಮಗೆ ಕೊಟ್ಟರು. ಮೂರನೆಯ ದಿನವೇ ಗದ್ದಲ! ಒಬ್ಬ ಅಜ್ಜಿ ಕೂಸಿನ ಚೀಟಿ ಹಿಡಿದು ಕೌಂಟರಿನ ಮೇಲೆ ಗುದ್ದುತ್ತಿದ್ದಾಳೆ.

"ತಕ್ಕಡ್ಯಾಗ ನನ್ನ ಕಣ್ಣಿನ ಮುಂದ ಮೂರು ಕಿಲೋ ಇತ್ರೀ! ಕಾಗದದಾಗ ಎರಡ ಐತಿ! ನನ್ನ ಮೊಮ್ಮಗನ ಒಂದು ಕಿಲೋ ಎಲ್ಲಿ ಹೋತು?"

ನಾನು ಚೀಟಿ ನೋಡಿದೆ. ಕಾಕಾನ ಮುಖ ನೋಡಿದೆ. ಇಬ್ಬರಿಗೂ ಒಟ್ಟಿಗೇ ಹೊಳೆಯಿತು.

ಬಾರದಾನ ವಜಾ!

ಮೂರು ದಿನದಲ್ಲಿ ಹುಟ್ಟಿದ ಅಷ್ಟೂ ಕೂಸುಗಳಿಂದ ಒಂದೊಂದು ಗೋಣಿಚೀಲದ ತೂಕ ಕಳೆದುಹೋಗಿತ್ತು! ಕಾಕಾ ಅಜ್ಜಿಗೆ ಕೈಮುಗಿದು, "ಅವ್ವಾ, ನಿಮ್ಮ ಮೊಮ್ಮಗ ಪೂರಾ ಮೂರು ಕಿಲೋ. ಕಡಿಮಿ ಇದ್ದದ್ದು ನನ್ನ ಬುದ್ಧಿ," ಎಂದು ಆ ಮೂರು ದಿನದ ಚೀಟಿಗಳನ್ನೆಲ್ಲ ತಾವೇ ಹಾಸಿಗೆ ಹಾಸಿಗೆಗೆ ಹೋಗಿ ಬದಲಿಸಿ ಬಂದರು. ಮಧ್ಯಾಹ್ನದೊಳಗೆ ತಪ್ಪನ್ನೂ ತಿದ್ದಿದರು. ಆದರೆ ಸುದ್ದಿ ನಮಗಿಂತ ಮುಂಚೆ ಮೇಲಿನ ಮಾಳಿಗೆ ಹತ್ತಿತ್ತು.

ತಿಂಗಳ ಕೊನೆಗೆ ಟ್ರಸ್ಟಿನವರ ಸಭೆ. ಒಂದು ಕಡೆ ಪುಣೆಯ ಕಂಪನಿಯ ಇಬ್ಬರು ಇಂಜಿನಿಯರುಗಳು, ಟೈ ಕಟ್ಟಿದವರು. ಇನ್ನೊಂದು ಕಡೆ ನಾವಿಬ್ಬರು. ನಡುವೆ ಟ್ರಸ್ಟಿನ ಮುಖ್ಯಸ್ಥರಾದ ವಯಸ್ಸಾದ ಡಾಕ್ಟರು. ಮಾತೆಲ್ಲ ಮರಾಠಿಯಲ್ಲೇ ನಡೆದದ್ದು. ಆದರೆ ಕಾಕಾನ ಮರಾಠಿಯೂ ಅವರ ಕನ್ನಡದ ಹಾಗೇ ಇರುವುದರಿಂದ ನಾನು ಕನ್ನಡದಲ್ಲೇ ಬರೆಯುತ್ತೇನೆ, ಏನೂ ಕಳೆಯುವುದಿಲ್ಲ.

"ಇವರು ಅರಿಶಿಣದ ಪ್ರೋಗ್ರಾಮನ್ನು ರೋಗಿಗಳಿಗೆ ತೊಡಿಸಿದ್ದಾರೆ," ಎಂದ ಟೈಗಳಲ್ಲೊಬ್ಬ. "ನಾವು ಒಂದು ವರ್ಷದಲ್ಲಿ ಎಲ್ಲವನ್ನೂ ಹೊಸದಾಗಿ ಬರೆದು ಕೊಡುತ್ತೇವೆ. ಒಂದು ಸಾಲೂ ಹಳೆಯದಿರುವುದಿಲ್ಲ."

ಕಾಕಾ ಕುರ್ಚಿಯ ಅಂಚಿಗೆ ಬಂದರು. "ಸಾಹೇಬ್ರ, ನಿಮ್ಮ ಹೊಸಾ ಪ್ರೋಗ್ರಾಮಿನ್ಯಾಗ ತಪ್ಪು ಎಷ್ಟು ಅದಾವು?"

"ಇನ್ನೂ ಬರೆದೇ ಇಲ್ಲವಲ್ಲ, ಹೇಗೆ ಹೇಳೋದು?"

"ನಂದರಾಗ ಎಷ್ಟಿದ್ದೂ ನಾ ಹೇಳ್ತೇನಿ. ಅರಿಶಿಣದಾಗ ಮೂವತ್ತು, ಹಾಲಿನ್ಯಾಗ ಎಂಟು, ಲಾಜಿನ್ಯಾಗ ಮೂರು, ಸಿತಾರದಾಗ ಒಂದು, ಇಲ್ಲಿ ಒಂದು. ಲೆಕ್ಕಾ ನೋಡ್ರಿ, ಹೆಂಗ ಇಳಕೋತ ಬಂತು! ದಲಾಲ ಬೈದು ತಗದಾನ, ರೈತ ಬೈದು ತಗದಾನ, ಕಡೀಕ ಒಬ್ಬಾಕಿ ಅಜ್ಜಿ ಗುದ್ದಿ ತಗದಾಳ. ನನ್ನ ತಪ್ಪು ಸತ್ತು ತಿಥಿನೂ ಮಾಡಿ ಆಗೇತಿ. ನಿಮ್ಮ ತಪ್ಪು ಇನ್ನ ಹುಟ್ಟಬೇಕು. ಅವುಕ್ಕ ಬಾಣಂತನ ಮಾಡಾಕ ಈ ದವಾಖಾನಿ ಮಂದಿನ ಬೇಕೇನು?"

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ನಗು ಮುಚ್ಚಲಿಕ್ಕೆ ಇರಬೇಕು.

ಎರಡನೆಯ ಟೈ ನನ್ನ ಕಡೆ ತಿರುಗಿತು. "ತಪ್ಪು ಪರೀಕ್ಷಿಸುವವರು ಇವರೇ ಅಂತೆ. ಇವರು ಏನು ಓದಿದ್ದಾರೆ?"

ಏಳನೇ ಇಯತ್ತೆ ಎಂದು ನಾನೇ ಎದ್ದು ನಿಂತು ಹೇಳುವವನಿದ್ದೆ, ಕಾಕಾ ತೋಳು ಹಿಡಿದು ಕೂರಿಸಿದರು. "ನೀವು ಎಲ್ಲಾರೂ ಸೀದಾ ಓದೀರಿ. ಇಂವ ಉಲ್ಟಾ ಓದ್ತಾನ. ಛಾಪಾ ಆದಮ್ಯಾಲ ತಪ್ಪು ಯಾರರ ಹಿಡೀತಾರ. ಇಂವ ಮೊಳಿ ಮ್ಯಾಲಿದ್ದಾಗ ಹಿಡೀತಾನ."

"ಹಾಗಾದರೆ ಬಾರದಾನ ಯಾಕೆ ಹಿಡಿಯಲಿಲ್ಲ?"

ಉತ್ತರ ನಾನೇ ಕೊಟ್ಟೆ. "ಗೋಣಿಚೀಲ ಹೊರೂ ಮಂದಿ ನಾವು. ಚೀಲ ಇಲ್ಲದ ತೂಕ ನಮಗ ಕಣ್ಣಿಗೇ ಹತ್ತಲಿಲ್ಲ. ಇನ್ನ ಹತ್ತತೈತಿ. ಹಿಂಗ ಮತ್ತೊಮ್ಮಿ ತಪ್ಪಿದ್ರ ನಾ ಇಲ್ಲಿ ಕಾಲಿಡಂಗಿಲ್ಲ."

ಡಾಕ್ಟರು ತಲೆಯಾಡಿಸಿದರು. "ನಾನೂ ರೋಗಿಗೊಂದು ಹೊಸ ಔಷಧ ಕಂಡುಹಿಡಿಯುತ್ತ ಕೂರುವುದಿಲ್ಲ. ಹತ್ತು ಮಂದಿಗೆ ಗುಣ ಕೊಟ್ಟದ್ದನ್ನೇ ಹನ್ನೊಂದನೆಯವರಿಗೆ ಬರೆಯುತ್ತೇನೆ. ಕೆಲಸ ನಿಮಗೇ ಕೊಡೋಣ. ಆದರೆ ಒಂದು ಷರತ್ತು. ಒಂದನೇ ನಂಬರಿನಲ್ಲಿ ಯಾರೋ ಸುಳ್ಳು ಪೇಶಂಟು ಇದ್ದಾರಲ್ಲ, ಅದನ್ನು ತೆಗೆದುಹಾಕಿ."

"ತಗಿಯಂಗಿಲ್ರಿ," ಎಂದರು ಕಾಕಾ.

ಬಾಯಿಗೆ ಬಂದ ತುತ್ತು! ಮೇಜಿನ ಕೆಳಗೆ ಅವರ ಅಂಗಿ ಜಗ್ಗಿದೆ. "ಕಾಕಾ, ಹೊಟ್ಟಿ ಪ್ರಶ್ನೆ ಐತ್ರಿ, ಒಂದು ಹೆಸರು ತಗದ್ರ ಏನಾಕೈತಿ?"

"ಅದು ಪ್ರೂಫು. ದಿನಾ ಮುಂಜಾನೆ ಒಂದನೇ ನಂಬರಿನ ಚೀಟಿ ತಗದು ನೋಡ್ತೇವಿ. ಅದು ಸರಿ ಬಂದ್ರ ಎಲ್ಲಾ ಸರಿ. ಅದನ್ನ ತಗೀರಿ ಅಂದ್ರ ನನಗ ಈ ಕೆಲಸಾನ ಬ್ಯಾಡ," ಎಂದು ಕಾಕಾ ಕೈಚೀಲ ಎತ್ತಿಕೊಂಡು ಎದ್ದೇಬಿಟ್ಟರು.

ಡಾಕ್ಟರು ಪರದೆ ತಿರುಗಿಸಿ ಓದಿದರು. ಹೆಸರು. ತೊಂದರೆ: ಏನೂ ಇಲ್ಲ. ಕೊನೆಯ ಸಾಲು: ಗುಣವಾಗಿ ಮನೆಗೆ ಹೋದರು.

"ಯಾರು ಇವರು?"

ಕಾಕಾ ಛಾವಣಿಯ ಫ್ಯಾನು ನೋಡಿದರು. "ಅವರ ಮನಿಯವ್ರು," ಎಂದೆ ನಾನು.

"ಇರಲಿ ಬಿಡಿ," ಎಂದರು ಡಾಕ್ಟರು. "ಏನೂ ಆಗದ ಪೇಶಂಟು ನಮ್ಮ ದವಾಖಾನೆಯಲ್ಲಿ ಒಬ್ಬರಾದರೂ ಇರಲಿ."

ಹೀಗೆ ನಾವು ಉಳಿದೆವು. ಟೈಗಳು ಪುಣೆಗೆ ಹೋದವು. ವರ್ಷಗಳು ಕಳೆದವು, ಕಂಪ್ಯೂಟರುಗಳು ಬದಲಾದವು, ಕಾಕಾನ ಮೀಸೆ ಬೆಳ್ಳಗಾಯಿತು. ನೋಂದಣಿ ಕೌಂಟರಿನ ಪರದೆಯಲ್ಲಿ ಆ ಹಳೆಯ ಸಾಲುಗಳೇ ಓಡುತ್ತಿದ್ದವು. ಹಳೆಯ ಪೇಶಂಟು ಬಂದರೆ ಮತ್ತೆ ಬರೆಯುವುದು ಬೇಡ. ಹೆಸರು ಹೊಡೆದರೆ ಹಳೆಯ ಕಾಗದ ತಾನೇ ಎದ್ದು ಬರುತ್ತದೆ, ಅದರ ಮೇಲೆ ಮುಂದುವರಿಸಬಹುದು. ಕಾಕಾ ಅತಿ ಹೆಚ್ಚು ಹೆಮ್ಮೆ ಪಡುತ್ತಿದ್ದದ್ದು ಇದೊಂದಕ್ಕೆ.

ಹೋದ ವರ್ಷ ಒಂದು ಮುಂಜಾನೆ ಭಡಂಗಕ್ಕೆ ಒಗ್ಗರಣೆ ಹಾಕುತ್ತಿದ್ದ ಕಾಕು ಎದೆ ಹಿಡಿದುಕೊಂಡು ಒಲೆಯ ಮುಂದೆಯೇ ಕುಳಿತಳು. ರಿಕ್ಷಾದಲ್ಲಿ ಹಾಕಿಕೊಂಡು ಅದೇ ದವಾಖಾನೆಗೆ ಓಡಿದೆವು. ಅವಳನ್ನು ಗಾಲಿಗಾಡಿಯ ಮೇಲೆ ಒಳಗೆ ಒಯ್ದರು. ನಾವಿಬ್ಬರು ಕೌಂಟರಿನ ಮುಂದೆ ನಿಂತೆವು.

"ಪೇಶಂಟಿನ ಹೆಸರು?" ಎಂದಳು ಹುಡುಗಿ.

ನಾನು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಕಾಕಾ ಹೇಳಿದರು. ಪೂರ್ತಿ ಹೆಸರು, ಮೊದಲಿನಿಂದ ಕೊನೆಯವರೆಗೆ. ಆ ಹೆಸರನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

ಹುಡುಗಿ ಗುಂಡಿ ಒತ್ತಿದಳು, ಹುಬ್ಬೇರಿಸಿದಳು. "ಅಯ್ಯ, ಅಜ್ಜಿ ಇಲ್ಲಿ ಮೊದಲೇ ಇದ್ದಾರೆ! ಒಂದನೇ ನಂಬರು! ಹಳೇ ಕಾಗದದ ಮೇಲೇ ನಡೆಸಲಾ? ಬೇಗ ಆಗುತ್ತದೆ."

ಕಾಕಾ ಕೌಂಟರಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಬ್ಯಾಡವ್ವಾ. ಅದನ್ನ ಮುಟ್ಟಬ್ಯಾಡ. ಅಲ್ಲಿ ಆಕಿಗೆ ಏನೂ ಆಗಿಲ್ಲ, ಅದು ಹಂಗ ಇರ್ಲಿ. ಇದನ್ನ ಬ್ಯಾರೆ ಕಾಗದದ ಮ್ಯಾಲ ಬರಿ." ಪರದೆಯ ಕಡೆ ಬೆರಳು ತೋರಿಸಿದರು. "ಹೆಸರಷ್ಟ ಅದ. ಬಾಕಿ ಎಲ್ಲಾ ಹೊಸಾದು ಬರಿ."

ಹುಡುಗಿ ಹೊಸದಾಗಿ ಬರೆದಳು. ಊರು, ವಯಸ್ಸು, ವಿಳಾಸ, ಒಂದೊಂದನ್ನೂ ಕೇಳಿ ಕೇಳಿ. ಕಾಕಾ ಒಂದೊಂದನ್ನೂ ಹೇಳಿದರು. ಅವಸರಪಡಲಿಲ್ಲ.

ಒಂಬತ್ತನೆಯ ದಿನ ಕಾಕುವನ್ನು ಮನೆಗೆ ಕಳಿಸಿದರು. ಪ್ರಿಂಟರು ಕಿರ್ರೆಂದು ಚೀಟಿ ಉಗುಳಿತು. ಕಾಕಾ ಅದನ್ನು ನನ್ನ ಕೈಗೆ ಕೊಟ್ಟರು. "ನೋಡು, ತಪ್ಪು ಐತೇನು?"

ನಾನು ಅಭ್ಯಾಸದಂತೆ ಕೆಳಗಿನಿಂದ ಮೇಲಕ್ಕೆ ಓದಲು ಹೊರಟೆ. ಕೊನೆಯ ಸಾಲಿನಲ್ಲೇ ಕಣ್ಣು ನಿಂತಿತು. ವರ್ಷಗಳ ಹಿಂದೆ ಪ್ರೂಫಿಗೆಂದು ಕಾಕಾ ಬೆರಳಿನಿಂದ ಹೊಡೆದ ಸಾಲೇ ಈ ಹೊಸ ಚೀಟಿಯಲ್ಲೂ ಬಂದಿತ್ತು: ಗುಣವಾಗಿ ಮನೆಗೆ ಹೋದರು.

"ಇಲ್ರಿ ಕಾಕಾ. ಸರಿ ಐತಿ."

ಅವರು ಚೀಟಿಯನ್ನು ನಾಲ್ಕಾಗಿ ಮಡಚಿ ಅಂಗಿಯ ಕಿಸೆಗೆ ಹಾಕಿಕೊಂಡರು. ಈಗ ಅದು ಮಂಚದ ಕೆಳಗಿನ ತಗಡಿನ ತಟ್ಟೆಯಲ್ಲಿ, ಆ ಲಗ್ನಪತ್ರಿಕೆಯ ಮೊಳೆಗಳ ಮೇಲೆ ಇದೆ. ಮೊನ್ನೆ ಕಾಕು ಕಸ ಹೊಡೆಯುವಾಗ ತಟ್ಟೆ ಎಳೆದು ಕೊಟ್ಟದ್ದು ನಾನೇ. ಚೀಟಿ ತೆರೆದು ನೋಡಿದೆ. ಅದರ ಹಿಂಬದಿ ಖಾಲಿಯಿದೆ.